ಸಂತೆಯವರು ಮತ್ತು ನಗರದ ಅಧಿಕಾರಿಗಳು: ಹಳೆಯ ತಿಕ್ಕಾಟದ ಬಗ್ಗೆ ಓದುಗರ ಪ್ರಶ್ನೆಗಳು

ಹಿಂದಿನ ಕಾಲದ ನಗರಗಳಲ್ಲಿ ಮಾರುಕಟ್ಟೆಯ ವ್ಯಾಪಾರಿಗಳಿಗೂ ನಗರದ ಆಡಳಿತಕ್ಕೂ ಇದ್ದ ಜಗಳಗಳ ಬಗ್ಗೆ ಓದುಗರು ಬರೆದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆಯನ್ನಾಗಿ ಮಾಡಿದ್ದೇನೆ.

ಪ್ರಶ್ನೆ: ವ್ಯಾಪಾರಿಗಳಿಗೆ ದಂಡ ಹಾಕುವುದು, ಸರಕು ಜಪ್ತಿ ಮಾಡುವುದು, ಜಾಗ ಬಿಡಿಸುವುದು ಇವೆಲ್ಲ ಆಧುನಿಕ ನಗರಸಭೆಗಳು ಹುಟ್ಟಿದ ಮೇಲೆ ಬಂದ ಪದ್ಧತಿಗಳೇ? ಪ್ರಾಚೀನ ನಗರಗಳಲ್ಲಿ ಮಾರುಕಟ್ಟೆ ತನ್ನಷ್ಟಕ್ಕೆ ತಾನೇ ನಡೆಯುತ್ತಿರಲಿಲ್ಲವೇ? (ಇತಿಹಾಸದ ವಿದ್ಯಾರ್ಥಿನಿಯೊಬ್ಬರು)

ಉತ್ತರ: ತನ್ನಷ್ಟಕ್ಕೆ ತಾನೇ ನಡೆದ ದೊಡ್ಡ ಮಾರುಕಟ್ಟೆಯೊಂದರ ವಿವರ ನನ್ನ ಓದಿನಲ್ಲಿ ಎಲ್ಲಿಯೂ ಸಿಕ್ಕಿಲ್ಲ. ಕ್ರಿಸ್ತಪೂರ್ವ 4ನೇ ಶತಮಾನದ ಅಥೆನ್ಸ್ ನಗರದಲ್ಲಿ ಪ್ರತಿ ವರ್ಷ ಚೀಟಿ ಎತ್ತಿ ಹತ್ತು ಮಂದಿ ಮಾರುಕಟ್ಟೆ ಅಧಿಕಾರಿಗಳನ್ನು ಆರಿಸುತ್ತಿದ್ದರು. ಅವರಲ್ಲಿ ಐದು ಮಂದಿ ನಗರಕ್ಕೆ, ಐದು ಮಂದಿ ಪಿರೇಯಸ್ ಬಂದರಿಗೆ. ತೂಕ ಮತ್ತು ಅಳತೆಗೆ ಬೇರೆ ಹತ್ತು ಮಂದಿ ಇದ್ದರು. ಧಾನ್ಯದ ವ್ಯಾಪಾರವನ್ನು ನೋಡಿಕೊಳ್ಳುವುದಕ್ಕೆ ಮತ್ತೊಂದು ತಂಡವೇ ಇತ್ತು. ಕ್ರಿ.ಪೂ. 375ರ ಸುಮಾರಿನ ಒಂದು ಕಾನೂನನ್ನು ಕೆತ್ತಿದ ಕಲ್ಲು ಅಲ್ಲಿನ ಹಳೆಯ ಮಾರುಕಟ್ಟೆಯ ಬಯಲಿನಲ್ಲಿ ಸಿಕ್ಕಿದೆ. ನಾಣ್ಯ ಪರೀಕ್ಷಿಸುವ ಸರ್ಕಾರಿ ಗುಲಾಮನೊಬ್ಬನು ಮಾರುಕಟ್ಟೆಯಲ್ಲಿ ಕುಳಿತಿರಬೇಕು, ಅವನು ಸರಿಯೆಂದ ಬೆಳ್ಳಿಯ ನಾಣ್ಯವನ್ನು ಯಾವ ವ್ಯಾಪಾರಿಯಾದರೂ ಒಲ್ಲೆನೆಂದರೆ ಆ ದಿನ ಅವನು ಮಾರಾಟಕ್ಕಿಟ್ಟಿದ್ದ ಸರಕೆಲ್ಲ ಜಪ್ತಿಯಾಗಬೇಕು ಎಂದು ಅದರಲ್ಲಿದೆ. ಪರೀಕ್ಷಕನು ತನ್ನ ಜಾಗದಲ್ಲಿ ಕುಳಿತಿರದಿದ್ದರೆ ಅವನಿಗೂ 50 ಛಡಿಯೇಟು. ನಾಣ್ಯವನ್ನು ನಂಬಲಾರದ ವ್ಯಾಪಾರಿಗೂ ತನ್ನ ನಾಣ್ಯ ಚಲಾವಣೆಯಲ್ಲಿರಲೇಬೇಕೆಂಬ ನಗರಕ್ಕೂ ನಡುವಿನ ಜಗಳ ಆ ಕಲ್ಲಿನ ಪ್ರತಿ ಸಾಲಿನ ಹಿಂದೆ ಇದೆ.

ನಮ್ಮ ಕಡೆಯ ಚಿತ್ರವೂ ಇದಕ್ಕಿಂತ ಬೇರೆಯಲ್ಲ. ಗ್ರೀಕ್ ರಾಯಭಾರಿ ಮೆಗಸ್ತನೀಸನು ಕಂಡ ಪಾಟಲಿಪುತ್ರದ ಆಡಳಿತ ತಲಾ ಐದು ಸದಸ್ಯರ ಆರು ಮಂಡಲಿಗಳ ಕೈಯಲ್ಲಿತ್ತು. ಅವುಗಳಲ್ಲಿ ಒಂದು ಮಂಡಲಿ ತೂಕ, ಅಳತೆ ಮತ್ತು ಮಾರಾಟವನ್ನು ನೋಡಿಕೊಳ್ಳುತ್ತಿತ್ತು. ಒಂದಕ್ಕಿಂತ ಹೆಚ್ಚು ಬಗೆಯ ಸರಕನ್ನು ಮಾರುವವನು ಎರಡು ಪಟ್ಟು ತೆರಿಗೆ ಕೊಡಬೇಕಾಗಿತ್ತು. ಇನ್ನೊಂದು ಮಂಡಲಿಯ ಕೆಲಸ ಮಾರಾಟದ ಹಣದಲ್ಲಿ ಹತ್ತನೆಯ ಒಂದು ಪಾಲನ್ನು ವಸೂಲು ಮಾಡುವುದಷ್ಟೇ, ಮತ್ತು ಅದನ್ನು ವಂಚಿಸಿದವನಿಗೆ ಮರಣದಂಡನೆ ಇತ್ತೆಂದು ಆ ವಿವರಣೆ ಹೇಳುತ್ತದೆ. ಅರ್ಥಶಾಸ್ತ್ರವು ಸ್ವದೇಶಿ ಸರಕಿನ ಮೇಲೆ ನೂರಕ್ಕೆ 5, ಪರದೇಶದ ಸರಕಿನ ಮೇಲೆ ನೂರಕ್ಕೆ 10 ಲಾಭಕ್ಕೆ ಮಾತ್ರ ಅನುಮತಿ ಕೊಡುತ್ತದೆ. ಪಣ್ಯಾಧ್ಯಕ್ಷ, ಪೌತವಾಧ್ಯಕ್ಷ, ಸಂಸ್ಥಾಧ್ಯಕ್ಷ ಎಂದು ಸರಕಿಗೆ, ತೂಕಕ್ಕೆ, ಪೇಟೆಗೆ ಬೇರೆ ಬೇರೆ ಅಧಿಕಾರಿಗಳನ್ನು ಹೇಳುತ್ತದೆ.

ಹೀಗೆ ಎಲ್ಲ ಕಡೆಯೂ ಒಂದೇ ಸ್ಥಿತಿ ಕಾಣುವುದಕ್ಕೆ ಕಾರಣ ಸರಳವಾದುದು. ನಗರ ತಾನು ಉಣ್ಣುವ ಅನ್ನವನ್ನು ತಾನು ಬೆಳೆಯುವುದಿಲ್ಲ. ಆದ್ದರಿಂದ ಅದನ್ನು ತಂದು ಮಾರುವವರಿಲ್ಲದೆ ನಗರಕ್ಕೆ ಒಂದು ವಾರವೂ ಕಳೆಯುವುದಿಲ್ಲ. ಅದೇ ವೇಳೆಗೆ ಆಡಳಿತದ ಬೊಕ್ಕಸಕ್ಕೆ ದಿನವೂ ನಗದು ಹಣ ಕೈ ಬದಲಾಯಿಸುವ ಜಾಗವೆಂದರೆ ಅದೇ ಪೇಟೆ. ಬೇಕಾದವರನ್ನೇ ಹಿಂಡುವ ಪರಿಸ್ಥಿತಿ ಇದು; ಮುಂದಿನ ಉತ್ತರಗಳಲ್ಲಿ ನೀವು ನೋಡುವ ಜಗಳಗಳು ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತವೆ.

ಪ್ರಶ್ನೆ: ದಾರಿ ಒತ್ತುವರಿಯ ದೂರು ಹಿಂದೆಯೂ ಇತ್ತೇ? ಆಗಿನ ಆಡಳಿತಗಳು ತೆರವು ಕಾರ್ಯವನ್ನು ಹೇಗೆ ನಡೆಸುತ್ತಿದ್ದವು?

ಉತ್ತರ: ಇತ್ತು, ಮತ್ತು ಆ ದೂರಿನ ಮಾತುಗಳು ಇಂದಿನ ಪತ್ರಿಕೆಯಲ್ಲಿ ಅಚ್ಚಾದರೂ ಯಾರಿಗೂ ಹಳೆಯವೆನ್ನಿಸಲಾರವು. ಕ್ರಿ.ಶ. 92ರ ಸುಮಾರಿಗೆ ರೋಮಿನ ಚಕ್ರವರ್ತಿ ಡೊಮಿಷಿಯನ್ ಅಂಗಡಿಗಳವರು ತಮ್ಮ ಹೊಸ್ತಿಲು ದಾಟಿ ಬೀದಿಗೆ ಬರಕೂಡದೆಂದು ಆಜ್ಞೆ ಹೊರಡಿಸಿದನು. ಅದನ್ನು ಹೊಗಳಿ ಮಾರ್ಷಿಯಲ್ ಎಂಬ ಕವಿ ಪದ್ಯವನ್ನೇ ಬರೆದನು: ಕಂಬಗಳಿಗೆ ಸರಪಳಿಯಲ್ಲಿ ಬಿಗಿದ ಮದ್ಯದ ಹೂಜಿಗಳು ಈಗಿಲ್ಲ, ದೊಡ್ಡ ಅಧಿಕಾರಿಗಳು ಕೆಸರಿನಲ್ಲಿ ನಡೆಯಬೇಕಾಗಿಲ್ಲ, ಕ್ಷೌರಿಕ, ಅಡುಗೆಯವ, ಕಟುಕ ಎಲ್ಲರೂ ತಮ್ಮ ತಮ್ಮ ಬಾಗಿಲೊಳಗೆ ಇದ್ದಾರೆ, ಇಷ್ಟು ದಿನ ಒಂದು ದೊಡ್ಡ ಅಂಗಡಿಯಾಗಿದ್ದುದು ಈಗ ಮತ್ತೆ ರೋಮ್ ಆಗಿದೆ ಎಂಬುದು ಅದರ ಸಾರ. ಈ ಪದ್ಯವನ್ನು ಓದುವಾಗ ನನಗೆ ಪ್ರತಿ ಸಲವೂ ಕಾಡುವ ಸಂಗತಿ ಒಂದಿದೆ. ದಾರಿಯಲ್ಲಿ ನಡೆಯುವವನ ಸಂತೋಷ ಸುಮಾರು ಎರಡು ಸಾವಿರ ವರ್ಷ ಉಳಿದು ಬಂದಿದೆ, ಆದರೆ ಆ ಕ್ಷೌರಿಕನು ಅಂದು ಏನೆಂದನು, ಮರುದಿನ ತನ್ನ ಕುರ್ಚಿಯನ್ನು ಎಲ್ಲಿ ಹಾಕಿದನು ಎಂಬುದನ್ನು ಯಾರೂ ಬರೆದಿಡಲಿಲ್ಲ. ಹಳೆಯ ಮಾರುಕಟ್ಟೆಗಳ ಇತಿಹಾಸವನ್ನು ಓದುವಾಗ ಇದನ್ನು ನೀವು ಸದಾ ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಚೀನಾದ ಉದಾಹರಣೆ ಇನ್ನೂ ತಿಳಿವಳಿಕೆ ಕೊಡುವಂಥದು. ತಾಂಗ್ ವಂಶದ ರಾಜಧಾನಿ ಚಾಂಗಾನ್‌ನಲ್ಲಿ ಪೂರ್ವದ ಪೇಟೆ, ಪಶ್ಚಿಮದ ಪೇಟೆ ಎಂದು ಗೋಡೆ ಕಟ್ಟಿದ ಎರಡು ಆವರಣಗಳಿದ್ದವು. ನಡುಹಗಲು 300 ಬಾರಿ ನಗಾರಿ ಬಾರಿಸಿದ ಮೇಲೆ ವ್ಯಾಪಾರ ಆರಂಭ, ಸೂರ್ಯ ಮುಳುಗುವುದಕ್ಕೆ ಸ್ವಲ್ಪ ಮೊದಲು 300 ಬಾರಿ ಜಾಗಟೆ ಬಾರಿಸಿದೊಡನೆ ಮುಕ್ತಾಯ. ಇಷ್ಟು ಬಿಗಿಯಾದ ವ್ಯವಸ್ಥೆ ಕಾಲಕ್ರಮದಲ್ಲಿ ಸಡಿಲವಾಗಿ, ಸೋಂಗ್ ವಂಶದ ರಾಜಧಾನಿ ಕೈಫೆಂಗ್‌ನ ಹೊತ್ತಿಗೆ ಅಂಗಡಿಗಳು ಎಲ್ಲ ಬೀದಿಗಳಲ್ಲಿಯೂ ತಲೆಯೆತ್ತಿದ್ದವು, ಬೀದಿಗಳ ಅಗಲವನ್ನೂ ತಿಂದಿದ್ದವು. 1002ರಲ್ಲಿ ಚಕ್ರವರ್ತಿ ಬೀದಿಗಳನ್ನು ಅಗಲಗೊಳಿಸಲು ಷಿಯೆ ದೆಚ್ಯುವಾನ್ ಎಂಬ ಅಧಿಕಾರಿಯನ್ನು ನೇಮಿಸಿದನು. ಆತನು ಚಿಕ್ಕ ಗುಡಾರಗಳಿಂದ ಆರಂಭಿಸದೆ ಮೊದಲು ಪ್ರಭಾವಶಾಲಿ ಮನೆತನಗಳ ಕಟ್ಟಡಗಳನ್ನೇ ಕೆಡವಿಸಿದನು. ಕೂಡಲೇ ಗದ್ದಲವೆದ್ದಿತು, ಕೆಲಸ ನಿಲ್ಲಿಸಬೇಕೆಂದು ಅರಮನೆಯಿಂದ ಆಜ್ಞೆಯೂ ಬಂದಿತು. ಆತನು ಚಕ್ರವರ್ತಿಯ ಎದುರಿಗೇ ಹೋಗಿ, ಅಡ್ಡಿ ಮಾಡುತ್ತಿರುವವರೆಲ್ಲರೂ ಬಲಿಷ್ಠರು, ತಮ್ಮ ಕಟ್ಟಡಗಳಿಂದ ಬರುವ ಬಾಡಿಗೆ ಹೋಗುತ್ತದೆಂಬುದೊಂದೇ ಅವರ ಸಂಕಟ, ಪ್ರಾಣ ಹೋದರೂ ಈ ಆಜ್ಞೆಯನ್ನು ನಾನು ಪಾಲಿಸಲಾರೆ ಎಂದು ಅರಿಕೆ ಮಾಡಿಕೊಂಡನು. ಚಕ್ರವರ್ತಿ ಬೇರೆ ದಾರಿಯಿಲ್ಲದೆ ಒಪ್ಪಿದನು.

ಒತ್ತುವರಿ ಎಂದೊಡನೆ ಬುಟ್ಟಿ ಹೊತ್ತು ಬರುವವರ ಮೇಲೆ ಬೆರಳು ತೋರಿಸುವ ಅಭ್ಯಾಸ ಎಲ್ಲ ಕಾಲದಲ್ಲಿಯೂ ಇದೆ. ಕೈಫೆಂಗ್‌ನಲ್ಲಿ ಬೀದಿಯನ್ನು ನುಂಗಿದವರಲ್ಲಿ ಮುಂದಾಳುಗಳು ಬಾಡಿಗೆಗೆ ಮಳಿಗೆ ಕಟ್ಟಿಸಿದ ಶ್ರೀಮಂತರಾಗಿದ್ದರು ಎಂಬುದನ್ನು ಒಬ್ಬ ಅಧಿಕಾರಿಯೇ ಹೇಳಿ ಉಳಿಸಿಹೋಗಿದ್ದಾನೆ. ಆದರೆ ಆತನ ಗೆಲುವು ಬಹುಕಾಲ ಉಳಿಯಲಿಲ್ಲ. ಅಂಗಡಿಗಳು ಮತ್ತೆ ಬೀದಿಗೆ ಬಂದವು, ಕೊನೆಗೆ ಆ ಆಡಳಿತವೇ ಕೆಡವುವುದನ್ನು ಬಿಟ್ಟು ಬೀದಿ ಆಕ್ರಮಿಸಿದ್ದಕ್ಕೆಂದು ಒಂದು ಶುಲ್ಕವನ್ನು ವಸೂಲು ಮಾಡತೊಡಗಿತು. ಶುಲ್ಕ ಬರಲು ಆರಂಭವಾದ ಮೇಲೆ ಒತ್ತುವರಿ ಅಪರಾಧವೋ ಆದಾಯವೋ ಎಂಬುದನ್ನು ಬಿಡಿಸಿ ಹೇಳುವುದು ಯಾವ ಅಧಿಕಾರಿಗೂ ಸಾಧ್ಯವಾಗುವುದಿಲ್ಲ.

ಪ್ರಶ್ನೆ: ನಾನು ತೂಕ ಮತ್ತು ಅಳತೆಯ ತಪಾಸಣೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಅಧಿಕಾರಿಗಳೆಲ್ಲ ಪೀಡಕರು, ವ್ಯಾಪಾರಿಗಳೆಲ್ಲ ಮುಗ್ಧರು ಎಂಬಂತೆ ಬರೆಯುವುದು ಸರಿಯಲ್ಲ. ಮೋಸದ ತಕ್ಕಡಿಯಿಂದ ಬಡ ಗಿರಾಕಿಯನ್ನು ಕಾಪಾಡಿದವರು ಯಾರು?

ಉತ್ತರ: ನಿಮ್ಮ ಆಕ್ಷೇಪಣೆಯಲ್ಲಿ ನ್ಯಾಯವಿದೆ. ರೊಟ್ಟಿಯೇ ಊಟವಾಗಿದ್ದ ಮನೆಗಳಿಗೆ ರೊಟ್ಟಿಯ ತೂಕ ಜೀವನದ ಪ್ರಶ್ನೆಯಾಗಿತ್ತು. 13ನೇ ಶತಮಾನದ ಇಂಗ್ಲೆಂಡಿನ ರೊಟ್ಟಿ ಮತ್ತು ಮದ್ಯದ ಕಟ್ಟಳೆಯನ್ನು ನೋಡಿ. ಅದನ್ನು ಸಾಮಾನ್ಯವಾಗಿ 1266ರದೆಂದು ಹೇಳುತ್ತಾರೆ. ಅದರಲ್ಲಿ ರೊಟ್ಟಿಯ ಬೆಲೆ ಬದಲಾಗುತ್ತಿರಲಿಲ್ಲ, ಗೋಧಿಯ ಬೆಲೆ ಏರಿದಂತೆ ರೊಟ್ಟಿಯ ತೂಕ ಇಳಿಯುತ್ತಿತ್ತು. ಕೈಯಲ್ಲಿ ಒಂದೇ ಬಿಲ್ಲೆ ಇರುವ ಬಡವನಿಗೂ ಏನಾದರೂ ಸಿಗಲಿ ಎಂಬ ಕಾಳಜಿ ಆ ಲೆಕ್ಕಾಚಾರದಲ್ಲಿದೆ. ಕಡಿಮೆ ತೂಕದ ರೊಟ್ಟಿ ಮಾರಿದವನಿಗೆ ಮೊದಲು ದಂಡ, ಮತ್ತೆ ಮತ್ತೆ ಸಿಕ್ಕಿಬಿದ್ದರೆ ಎಲ್ಲರೆದುರು ಹಲಗೆಗೆ ಕುತ್ತಿಗೆ ಸಿಕ್ಕಿಸಿ ನಿಲ್ಲಿಸುವ ಶಿಕ್ಷೆ. ಲಂಡನ್‌ನಲ್ಲಿ ರೊಟ್ಟಿಯ ಕಟ್ಟಳೆ 1822ರವರೆಗೆ, ಉಳಿದ ಕಡೆ 1836ರವರೆಗೆ ಉಳಿದುಬಂದಿತು.

ಆದರೆ ಅದೇ ಕಟ್ಟಳೆಯ ಇನ್ನೊಂದು ಭಾಗ ಆಚರಣೆಯಲ್ಲಿ ಏನಾಯಿತೆಂಬುದನ್ನೂ ನೋಡಬೇಕು. ಮದ್ಯ ಕಾಯಿಸಿ ಮಾರುತ್ತಿದ್ದವರಲ್ಲಿ ಬಹಳ ಮಂದಿ ಮನೆಯಲ್ಲೇ ದುಡಿಯುವ ಹೆಂಗಸರು. ಹಲವು ಊರುಗಳ ನ್ಯಾಯಸ್ಥಾನದ ಕಡತಗಳಲ್ಲಿ ಅವರ ಹೆಸರುಗಳು ಪ್ರತಿ ಅಧಿವೇಶನದಲ್ಲಿಯೂ ದಂಡದ ಪಟ್ಟಿಯಲ್ಲಿ ಮರಳಿ ಬರುತ್ತವೆ; ತಪ್ಪು ಮಾಡಿದವರಿಗೂ ಮಾಡದವರಿಗೂ ವ್ಯತ್ಯಾಸ ಕಾಣುವುದಿಲ್ಲ. ಅಂದರೆ ಶಿಕ್ಷೆಯೆಂದು ಬರೆದದ್ದು ವಾಸ್ತವದಲ್ಲಿ ವ್ಯಾಪಾರದ ಪರವಾನಗಿ ಶುಲ್ಕವಾಗಿ ಮಾರ್ಪಟ್ಟಿತ್ತು. ಪ್ರಾಮಾಣಿಕಳಾಗಿ ಅಳೆದು ಕೊಟ್ಟವಳೂ ಕಾಗದದ ಮೇಲೆ ಅಪರಾಧಿಯಾಗಿಯೇ ಉಳಿದಳು. ಇದು ನನಗೆ ಛಡಿಯೇಟಿಗಿಂತಲೂ ಹೆಚ್ಚಿನ ಅನ್ಯಾಯವೆನ್ನಿಸುತ್ತದೆ.

ದೆಹಲಿಯಲ್ಲಿ ಅಲಾವುದ್ದೀನ್ ಖಿಲ್ಜಿಯ ಆಳ್ವಿಕೆಯಲ್ಲಿ, ಅಂದರೆ 1296ರಿಂದ 1316ರ ನಡುವೆ, ಧಾನ್ಯದಿಂದ ಹಿಡಿದು ಬಟ್ಟೆ, ಕುದುರೆಗಳವರೆಗೆ ಬೆಲೆ ಗೊತ್ತುಪಡಿಸಲಾಗಿತ್ತು. ಒಂದು ಮಣ ಗೋಧಿಗೆ ಏಳೂವರೆ ಜಿತಲ್ ಎಂಬ ಚಿಕ್ಕ ನಾಣ್ಯ. ಮಂಡಿಯ ಮೇಲೆ ಶಹನಾ ಎಂಬ ಅಧಿಕಾರಿ, ಅವನ ಮೇಲೆ ಗುಪ್ತಚಾರರು, ಅವರನ್ನೂ ಪರೀಕ್ಷಿಸಲು ಸುಲ್ತಾನನು ಚಿಕ್ಕ ಹುಡುಗರ ಕೈಯಲ್ಲಿ ಹಣ ಕೊಟ್ಟು ತಿನಿಸು ತರಿಸಿ ತೂಗಿಸುತ್ತಿದ್ದನಂತೆ. ತೂಕದಲ್ಲಿ ಎಷ್ಟು ಕಡಿಮೆ ಬಂದಿತೋ ಅಷ್ಟು ಮಾಂಸವನ್ನು ಅಂಗಡಿಯವನ ದೇಹದಿಂದ ಕತ್ತರಿಸುತ್ತಿದ್ದರೆಂದು ಇತಿಹಾಸಕಾರ ಬರನಿ ಬರೆಯುತ್ತಾನೆ. ಬೆಲೆ ಇಳಿದದ್ದು ನಿಜ, ಆದರೆ ಕಡಿಮೆ ಸಂಬಳದಲ್ಲಿ ದೊಡ್ಡ ಸೈನ್ಯವನ್ನು ಸಾಕುವುದು ಅದರ ಮುಖ್ಯ ಉದ್ದೇಶವಾಗಿತ್ತೆಂದೂ ಆತನೇ ಹೇಳುತ್ತಾನೆ. ಸುಲ್ತಾನನ ಮರಣದ ನಂತರ ಆ ವ್ಯವಸ್ಥೆ ಉಳಿಯಲಿಲ್ಲ.

ತಪಾಸಣೆ ಮಾಡುವವರ ಮಾತನ್ನು ನಂಬಿಯೇ ವ್ಯಾಪಾರಿಗಳು ಸಿಕ್ಕಿಬಿದ್ದ ಪ್ರಸಂಗವೂ ಇದೆ. ಕ್ರಿ.ಪೂ. 386ರ ಸುಮಾರಿಗೆ ಅಥೆನ್ಸ್‌ನಲ್ಲಿ ಚಿಲ್ಲರೆ ಧಾನ್ಯದ ವ್ಯಾಪಾರಿಗಳ ಮೇಲೆ, ಕಾನೂನು ಅನುಮತಿಸಿದ 50 ಬುಟ್ಟಿಗಿಂತ ಹೆಚ್ಚು ಕೊಂಡು ದಾಸ್ತಾನು ಮಾಡಿದರೆಂದು ಮೊಕದ್ದಮೆ ನಡೆಯಿತು. ಅಪರಾಧ ರುಜುವಾತಾದರೆ ಶಿಕ್ಷೆ ಮರಣ. ಅಧಿಕಾರಿಗಳೇ ಹಾಗೆ ಕೊಳ್ಳಿರೆಂದು ಹೇಳಿದ್ದರೆಂಬುದು ವ್ಯಾಪಾರಿಗಳ ವಾದ. ಅಧಿಕಾರಿಯೊಬ್ಬನನ್ನು ಕರೆದು ಕೇಳಿದಾಗ, ಒಬ್ಬರ ಮೇಲೊಬ್ಬರು ಬೆಲೆ ಏರಿಸಿ ಕೊಳ್ಳಬೇಡಿರೆಂದು ಬುದ್ಧಿ ಹೇಳಿದ್ದು ನಿಜ, ಕೂಡಿಡಿರೆಂದು ಹೇಳಲಿಲ್ಲ ಎಂದು ಆತನು ಸಾಕ್ಷ್ಯ ನುಡಿದನು. ಬಾಯಿಮಾತಿನಲ್ಲಿ ಕೊಟ್ಟ ಅನುಮತಿಯ ಬೆಲೆ ಆಗಲೂ ಅಷ್ಟೇ ಆಗಿತ್ತು.

ಇನ್ನು ಇಸ್ಲಾಮೀ ನಗರಗಳ ಮುಹ್ತಸಿಬ್ ಎಂಬ ಪೇಟೆಯ ಅಧಿಕಾರಿಗೆ ಕೈಪಿಡಿಗಳೇ ಇದ್ದವು. ಹಾಲಿಗೆ ನೀರು ಬೆರೆಸಿದ್ದನ್ನು ಕಂಡುಹಿಡಿಯುವುದು ಹೇಗೆ, ಅಂಗಡಿಯ ಕಟ್ಟೆ ದಾರಿಗೆ ಚಾಚದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಅವು ಸೂಕ್ಷ್ಮವಾಗಿ ವಿವರಿಸುತ್ತವೆ. ಇತಿಹಾಸಕಾರ ಅಲ್-ಮಕ್ರೀಜಿ 1399ರಲ್ಲಿ ಕೈರೋ ನಗರದ ಮುಹ್ತಸಿಬ್ ಆಗಿದ್ದನು. ಅಂಥ ವಿದ್ವಾಂಸರು ಕುಳಿತ ಆ ಪೀಠವನ್ನು ಈಜಿಪ್ಟನ್ನು ಆಳುತ್ತಿದ್ದ ಮಮ್ಲೂಕರ ಕಾಲದ ಕೊನೆಯ ಭಾಗದಲ್ಲಿ ಹಣಕ್ಕೆ ಮಾರತೊಡಗಿದರು; ಕೊಂಡವನು ಆ ಹಣವನ್ನು ಅಂಗಡಿಯವರಿಂದ ತಿಂಗಳ ಮಾಮೂಲಾಗಿ ಎತ್ತಿದನು. ನಿಮ್ಮಂತೆ ಪ್ರಾಮಾಣಿಕವಾಗಿ ಕೆಲಸ ಮಾಡಿದವರು ಎಲ್ಲ ಕಾಲದಲ್ಲಿಯೂ ಇದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ. ತೂಕದ ಕಲ್ಲನ್ನು ಪರೀಕ್ಷಿಸುವ ಅಧಿಕಾರವನ್ನೇ ಹರಾಜಿಗಿಟ್ಟಾಗ ಅವರ ಕೈಯೂ ಕಟ್ಟಿಹೋಗುತ್ತಿತ್ತು.

ಪ್ರಶ್ನೆ: ವ್ಯಾಪಾರಿಗಳು ತಮ್ಮ ಅಹವಾಲನ್ನು ಹೇಳಿಕೊಳ್ಳಲು ಯಾವುದಾದರೂ ನ್ಯಾಯಸ್ಥಾನವಿತ್ತೇ?

ಉತ್ತರ: ಮಧ್ಯಯುಗದ ಇಂಗ್ಲೆಂಡಿನ ಜಾತ್ರೆಗಳಲ್ಲಿ ಮತ್ತು ಸಂತೆಗಳಲ್ಲಿ ಇತ್ತು. ಧೂಳುಗಾಲಿನವರ ನ್ಯಾಯಾಲಯ ಎಂದೇ ಅದಕ್ಕೆ ಹೆಸರು. ಊರಿಂದೂರಿಗೆ ತಿರುಗುವ ವ್ಯಾಪಾರಿ ತಿಂಗಳುಗಟ್ಟಲೆ ಕಾಯಲಾರನೆಂಬುದನ್ನು ಅರಿತು, ಅಲ್ಲಿ ವ್ಯಾಜ್ಯವನ್ನು ಜಾತ್ರೆ ಮುಗಿಯುವುದರೊಳಗೆ, ಅನೇಕ ವೇಳೆ ಅದೇ ದಿನ ತೀರಿಸುತ್ತಿದ್ದರು. ತೀರ್ಪು ಹೇಳುವುದರಲ್ಲಿ ಅಲ್ಲಿ ನೆರೆದಿದ್ದ ವ್ಯಾಪಾರಿಗಳಿಗೂ ಪಾಲಿತ್ತು. ಸಾಲ, ಸರಕಿನ ಗುಣ, ಕೈಕೈ ಮಿಲಾಯಿಸಿದ ಜಗಳಗಳಿಗೆ ಅದು ಒಳ್ಳೆಯ ಏರ್ಪಾಡಾಗಿತ್ತು. ಆದರೆ ಸುಂಕ ಹೆಚ್ಚಾಯಿತೆಂದು ನಗರದ ಮೇಲೆಯೇ ದೂರುವವನಿಗೆ ಅದರಿಂದ ಆದ ಉಪಯೋಗ ಅಲ್ಪ.

ಪ್ರಶ್ನೆ: ಮಾರುಕಟ್ಟೆಯ ಸುಂಕದಿಂದಾಗಿ ದೊಡ್ಡ ದಂಗೆಯೇ ಆದ ಉದಾಹರಣೆ ಇದೆಯೇ?

ಉತ್ತರ: ಇದೆ, ಅದು 1647ರ ನೇಪಲ್ಸ್. ಆಗ ಆ ನಗರ ಸ್ಪೇನ್ ದೊರೆಯ ಅಧೀನದಲ್ಲಿತ್ತು. ಸ್ಪೇನಿನ ಯುದ್ಧಗಳ ಖರ್ಚಿಗೆಂದು ತೆರಿಗೆಯ ಮೇಲೆ ತೆರಿಗೆ ಹೇರಿ ಆಗಿತ್ತು. ಆ ವರ್ಷದ ಆರಂಭದಲ್ಲಿ ರಾಜಪ್ರತಿನಿಧಿಯಾಗಿದ್ದ ಆರ್ಕೋಸ್‌ನ ಡ್ಯೂಕ್ ಹಣ್ಣಿನ ಮೇಲೆ ಹಿಂದೆ ಇದ್ದು ರದ್ದಾಗಿದ್ದ ಸುಂಕವನ್ನು ಮತ್ತೆ ಜಾರಿಗೆ ತಂದನು. ಬೇಸಿಗೆಯಲ್ಲಿ ಬಡವರ ಹೊಟ್ಟೆ ತುಂಬಿಸುತ್ತಿದ್ದುದು ಹಣ್ಣೇ ಆಗಿದ್ದುದರಿಂದ, ಅದರ ಮೇಲಿನ ಸುಂಕವೆಂದರೆ ನೇರವಾಗಿ ಊಟದ ಮೇಲಿನ ಸುಂಕ.

ಜುಲೈ 7ರ ಭಾನುವಾರ ಬೆಳಿಗ್ಗೆ ನಗರದ ದೊಡ್ಡ ಮಾರುಕಟ್ಟೆಯ ಚೌಕಕ್ಕೆ ಹತ್ತಿರದ ಪೊಜ್ಜುವೋಲಿಯಿಂದ ಹಣ್ಣು ತಂದವರಿಗೂ ಅದನ್ನು ಕೊಂಡು ಮಾರುವ ನಗರದ ಅಂಗಡಿಯವರಿಗೂ, ಸುಂಕವನ್ನು ಯಾರು ಕಟ್ಟಬೇಕೆಂಬುದರ ಬಗ್ಗೆ ವಾಗ್ವಾದ ಹತ್ತಿಕೊಂಡಿತು. ಗಮನಿಸಬೇಕಾದ ಅಂಶವೆಂದರೆ ಜಗಳ ಮೊದಲಾದದ್ದು ವ್ಯಾಪಾರಿ ವ್ಯಾಪಾರಿಗಳ ನಡುವೆ. ಮೇಲಿನಿಂದ ಬಿದ್ದ ಭಾರವನ್ನು ಕೆಳಗಿರುವ ಇಬ್ಬರು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ತಳ್ಳುತ್ತಿದ್ದರು. ಜನರ ಪ್ರತಿನಿಧಿಯೆಂದು ಕರೆಸಿಕೊಳ್ಳುತ್ತಿದ್ದ ನಗರದ ಅಧಿಕಾರಿಯೊಬ್ಬನು ಸಮಾಧಾನ ಮಾಡಿಸಲು ಬಂದಾಗ ಅವನ ಮಾತು ಯಾರಿಗೂ ಸಮಾಧಾನ ತರಲಿಲ್ಲ. ಹಣ್ಣಿನ ಬುಟ್ಟಿಗಳು ನೆಲಕ್ಕೆ ಸುರಿಯಲ್ಪಟ್ಟವು, ಅಂಜೂರಗಳು ಅಧಿಕಾರಿಯ ಕಡೆಗೆ ತೂರಿ ಬಂದವು, ಸುಂಕದ ಕಟ್ಟೆಗೆ ಬೆಂಕಿ ಬಿದ್ದಿತು.

ಗುಂಪಿನ ಮುಂದಾಳಾಗಿ ನಿಂತವನು ಮಸಾನಿಯೆಲ್ಲೊ ಎಂಬ 27 ವರ್ಷದ ಮೀನು ಮಾರುವವನು. ಸುಂಕದವರ ಕಾಟ ಅವನಿಗೆ ಹೊಸದಲ್ಲ. ಸುಂಕ ಕಟ್ಟದೆ ಹಿಟ್ಟನ್ನು ಅಡಗಿಸಿ ತಂದಳೆಂದು ಅವನ ಹೆಂಡತಿಯನ್ನು ಒಮ್ಮೆ ಹಿಡಿದು ಸೆರೆಯಲ್ಲಿಟ್ಟಿದ್ದರು. ಕೆಲವೇ ದಿನಗಳಲ್ಲಿ ರಾಜಪ್ರತಿನಿಧಿ ಅರಮನೆ ಬಿಟ್ಟು ಆಶ್ರಯ ಹುಡುಕಬೇಕಾಯಿತು, ಹೊಸ ತೆರಿಗೆಗಳನ್ನು ರದ್ದುಪಡಿಸಲು ಒಪ್ಪಬೇಕಾಯಿತು. ಮಸಾನಿಯೆಲ್ಲೊ ಮಾತ್ರ ಜುಲೈ 16ರಂದು ಕೊಲೆಯಾದನು. ದಂಗೆ ಅವನ ನಂತರವೂ ನಡೆದು 1648ರ ಏಪ್ರಿಲ್‌ನಲ್ಲಿ ಸ್ಪೇನಿನ ಸೈನ್ಯ ನಗರವನ್ನು ಮರಳಿ ವಶಪಡಿಸಿಕೊಳ್ಳುವವರೆಗೆ ಮುಂದುವರಿಯಿತು.

ಆದರೆ ಮಾರುಕಟ್ಟೆಯಲ್ಲಿ ಹುಟ್ಟಿದ ದಂಗೆಗಳೆಲ್ಲವೂ ವ್ಯಾಪಾರಿಗಳ ಪರವಾಗಿದ್ದವೆಂದು ತಿಳಿಯಬಾರದು. 1775ರ ವಸಂತದಲ್ಲಿ ಫ್ರಾನ್ಸಿನ ಜನ, ಧಾನ್ಯದ ವ್ಯಾಪಾರದ ಮೇಲಿನ ಹತೋಟಿಯನ್ನು ಸರ್ಕಾರ ತೆಗೆದುಹಾಕಿದ್ದರಿಂದಲೇ ಬೆಲೆ ಏರಿತೆಂದು ಸಿಟ್ಟಾಗಿ, ಅಂಗಡಿ ಮತ್ತು ಉಗ್ರಾಣಗಳಿಗೆ ನುಗ್ಗಿ ತಾವೇ ನ್ಯಾಯವೆಂದು ತಿಳಿದ ಬೆಲೆ ಕೊಟ್ಟು ಧಾನ್ಯ ಒಯ್ದರು. ಮೆಕ್ಸಿಕೋ ನಗರದಲ್ಲಿ 1692ರ ಜೂನ್ 8ರಂದು ಜೋಳದ ಅಭಾವದಿಂದ ಎದ್ದ ದಂಗೆಯಲ್ಲಿ ಅರಮನೆಯೊಂದಿಗೆ ಚೌಕದ ಮರದ ಅಂಗಡಿಗಳೂ ಸುಟ್ಟುಹೋದವು. ಆ ಅಂಗಡಿಗಳ ಬಾಡಿಗೆ ನಗರಸಭೆಯ ಮುಖ್ಯ ಆದಾಯಗಳಲ್ಲಿ ಒಂದಾಗಿತ್ತು. ಆದ್ದರಿಂದ 1695ರಿಂದ 1703ರವರೆಗೆ ಅಲ್ಲಿಯೇ ಕಲ್ಲಿನ ಕಟ್ಟಡವೊಂದನ್ನು ಕಟ್ಟಿಸಿದರು. ಪಾರಿಯಾನ್ ಎಂಬ ಹೆಸರಿನ ಆ ಕಟ್ಟಡವೂ 1828ರಲ್ಲಿ ಲೂಟಿಯಾಯಿತು, 1843ರಲ್ಲಿ ಅದನ್ನು ಕೆಡವಿದರು.

ಪ್ರಶ್ನೆ: ನಗರಗಳು ಹಣ ಖರ್ಚು ಮಾಡಿ ಒಳ್ಳೆಯ ಮಾರುಕಟ್ಟೆ ಕಟ್ಟಡಗಳನ್ನು ಕಟ್ಟಿಸಿಕೊಟ್ಟರೂ ವ್ಯಾಪಾರಿಗಳು ಬೀದಿಗೇ ಮರಳುತ್ತಿದ್ದುದೇಕೆ? ಇದು ಹಠವಲ್ಲವೇ?

ಉತ್ತರ: ಈ ಪ್ರಶ್ನೆಗೆ ಲಂಡನ್ನಿನ ಸುಮಾರು ಇಪ್ಪತ್ತು ವರ್ಷಗಳ ಇತಿಹಾಸವೇ ಬಹುಪಾಲು ಉತ್ತರ ಕೊಡುತ್ತದೆ. 19ನೇ ಶತಮಾನದ ನಡುವಿನ ಹೊತ್ತಿಗೆ ಅಲ್ಲಿ ಹಣ್ಣು, ತರಕಾರಿ, ಮೀನುಗಳನ್ನು ಕೈಗಾಡಿಯಲ್ಲಿ ಮಾರುವವರು 30,000ಕ್ಕೂ ಹೆಚ್ಚು ಮಂದಿ ಇದ್ದರೆಂದು ಪತ್ರಕರ್ತ ಹೆನ್ರಿ ಮೇಹ್ಯೂ ಅಂದಾಜು ಮಾಡಿದ್ದನು. ಅವರಲ್ಲಿ ಬಹಳ ಮಂದಿಗೆ ಗಾಡಿಯೂ ಸ್ವಂತದ್ದಲ್ಲ, ಸರಕಿನ ಬಂಡವಾಳವೂ ಬಡ್ಡಿಗೆ ತಂದದ್ದು. 1867ರಲ್ಲಿ ಬಂದ ಮಹಾನಗರದ ಬೀದಿಗಳ ಕಾನೂನು ರಸ್ತೆಯಲ್ಲಿಯೂ ಕಾಲುದಾರಿಯಲ್ಲಿಯೂ ಸರಕು ಇಡುವುದನ್ನು ನಿಷೇಧಿಸಿತು. ವಾಹನ ಸಂಚಾರಕ್ಕೆ ದಾರಿ ಮಾಡಿಕೊಡುವುದಷ್ಟೇ ಅದನ್ನು ಬರೆದವರ ಮನಸ್ಸಿನಲ್ಲಿತ್ತು, ಸಾವಿರಾರು ಮಂದಿಯ ಅಂದಂದಿನ ಅನ್ನ ಅದರಿಂದ ನಿಂತುಹೋಗುತ್ತದೆಂಬುದು ಅವರಿಗೆ ತೋಚಿರಲಿಲ್ಲ. ಪ್ರತಿಭಟನೆ ಎಷ್ಟು ಬಲವಾಗಿತ್ತೆಂದರೆ ಅದೇ ವರ್ಷ ತಿದ್ದುಪಡಿ ತಂದು, ಪೊಲೀಸರ ಕಟ್ಟುಪಾಡುಗಳನ್ನು ಪಾಲಿಸುವ ಬೀದಿ ವ್ಯಾಪಾರಿಗಳಿಗೆ ಆ ನಿಷೇಧ ಅನ್ವಯಿಸುವುದಿಲ್ಲವೆಂದು ಸಂಸತ್ತು ಹೇಳಬೇಕಾಯಿತು. ಕಾನೂನು ಮಾಡಿದವರು ಇಷ್ಟು ಬೇಗ ತಿದ್ದಿಕೊಂಡ ಸಂದರ್ಭಗಳು ಈ ಇತಿಹಾಸದಲ್ಲಿ ವಿರಳ, ಅದಕ್ಕಾಗಿ ಅವರನ್ನು ಗೌರವದಿಂದಲೇ ನೆನೆಯುತ್ತೇನೆ.

ಎರಡು ವರ್ಷಗಳ ನಂತರ, 1869ರಲ್ಲಿ, ಅದೇ ನಗರದ ಬಡ ಭಾಗವಾದ ಬೆತ್ನಲ್ ಗ್ರೀನ್‌ನಲ್ಲಿ ಕೊಲಂಬಿಯಾ ಮಾರ್ಕೆಟ್ ತೆರೆಯಿತು. ಅದನ್ನು ಕಟ್ಟಿಸಿದವರು ಏಂಜೆಲಾ ಬರ್ಡೆಟ್-ಕೂಟ್ಸ್ ಎಂಬ ಶ್ರೀಮಂತ ಮಹಿಳೆ. ಬೀದಿಯ ವ್ಯಾಪಾರಿಗಳು ಮಳೆ ಚಳಿಗಳಿಂದ ಪಾರಾಗಲಿ, ಬಡವರಿಗೆ ಶುದ್ಧವಾದ ಆಹಾರ ಸಿಗಲಿ ಎಂಬುದು ಅವರ ನಿಜವಾದ ಹಂಬಲವಾಗಿತ್ತು. ಎತ್ತರದ ಕಮಾನುಗಳು, ಗೋಪುರ, ಗೋಡೆಯ ಮೇಲೆ ನೀತಿವಾಕ್ಯಗಳಿದ್ದ ಆ ಕಟ್ಟಡದಲ್ಲಿ ಸುಮಾರು 400 ಮಳಿಗೆಗಳಿಗೆ ಜಾಗವಿತ್ತು. ವ್ಯಾಪಾರಿಗಳು ಹೆಚ್ಚಾಗಿ ಬರಲಿಲ್ಲ. ಕೆಲವು ವರ್ಷ ನಗರದ ಆಡಳಿತದ ಕೈಗೆ ಒಪ್ಪಿಸಿ ನೋಡಿದರು, ಮರಳಿ ಪಡೆದರು, ಕೊನೆಗೆ 1886ರಲ್ಲಿ ಮುಚ್ಚಿದರು.

ಇದು ಹಠವೆಂದು ನನಗೆ ಅನ್ನಿಸುವುದಿಲ್ಲ. ಬೀದಿಯ ವ್ಯಾಪಾರಿಯ ಬಂಡವಾಳವೆಂದರೆ ಅವನು ನಿಂತ ಜಾಗ. ಸಂಜೆ ಕೂಲಿ ಹಣ ಕೈಗೆ ಬಂದ ಮೇಲೆ ಮನೆಯ ಕಡೆ ಹೊರಟವರು ದಾರಿಯಲ್ಲಿ ಸಿಕ್ಕಿದ್ದನ್ನು ಕೊಳ್ಳುತ್ತಾರೆಯೇ ಹೊರತು, ಸುಸ್ತಾದ ಕಾಲೆಳೆದುಕೊಂಡು ಮತ್ತೊಂದು ಬೀದಿಯ ಕಟ್ಟಡಕ್ಕೆ ಹೋಗುವುದಿಲ್ಲ. ಬಾಡಿದ ಸೊಪ್ಪನ್ನು ಕತ್ತಲಾಗುವುದರೊಳಗೆ ಇನ್ನೊಂದು ಓಣಿಗೆ ಒಯ್ದು ಅರ್ಧ ಬೆಲೆಗಾದರೂ ಮಾರಬಹುದಾದ ಸ್ವಾತಂತ್ರ್ಯ ಗಾಡಿಯವನಿಗಿದೆ, ಮಳಿಗೆಯವನಿಗಿಲ್ಲ. ಮಾರಾಟವಾಗಲಿ ಬಿಡಲಿ, ಮಳಿಗೆಯ ಬಾಡಿಗೆ ಮಾತ್ರ ತಪ್ಪುವುದಿಲ್ಲ. ಕಟ್ಟಡ ಕಟ್ಟಿಸಿದವರು ವ್ಯಾಪಾರಿಗೆ ಏನು ಒಳ್ಳೆಯದೆಂದು ಯೋಚಿಸಿದರು, ಗಿರಾಕಿ ಯಾವ ದಾರಿಯಲ್ಲಿ ನಡೆಯುತ್ತಾಳೆಂದು ವ್ಯಾಪಾರಿಯನ್ನು ಕೇಳಲಿಲ್ಲ.

ನ್ಯೂಯಾರ್ಕಿನಲ್ಲಿ ಇದೇ ಕಥೆಗೆ ಬೇರೆ ಕೊನೆ ಬಂದಿತು. 20ನೇ ಶತಮಾನದ ಆರಂಭದಲ್ಲಿ ಅಲ್ಲಿನ ತಳ್ಳುಗಾಡಿಯವರು ಒಂದೇ ಕಡೆ 30 ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದೆಂಬ ನಿಯಮವಿತ್ತು. ದಿನವಿಡೀ ನಿಂತು ಮಾರಿದರೆ ಮಾತ್ರ ಹೊಟ್ಟೆ ತುಂಬುವ ಕಸುಬಿನಲ್ಲಿ ಇಂಥ ನಿಯಮವನ್ನು ಯಾರೂ ಪಾಲಿಸಲಾರರು. ಪಾಲಿಸಲಾಗದ ನಿಯಮ ಬೀದಿಯ ಪೊಲೀಸನಿಗೆ ಲಂಚದ ದಾರಿಯನ್ನು ತೆರೆಯಿತು. 1906ರಲ್ಲಿ ಮೇಯರ್ ನೇಮಿಸಿದ ಆಯೋಗವೊಂದು ಈ ಕಸುಬಿನ ಬಗ್ಗೆ ವರದಿಯನ್ನೂ ಕೊಟ್ಟಿತು. 1934ರಲ್ಲಿ ಮೇಯರ್ ಆದ ಫಿಯೊರೆಲ್ಲೊ ಲಾ ಗಾರ್ಡಿಯಾ ತಳ್ಳುಗಾಡಿಗಳನ್ನು ಬೀದಿಯಿಂದ ತೆಗೆಯಲೇಬೇಕೆಂದು ನಿಶ್ಚಯಿಸಿದನು. 1936ರಲ್ಲಿ ಪಾರ್ಕ್ ಅವೆನ್ಯೂ ರೈಲು ಸೇತುವೆಯ ಕೆಳಗೆ, 1940ರಲ್ಲಿ ಎಸೆಕ್ಸ್ ಬೀದಿಯಲ್ಲಿ ಮುಚ್ಚಿದ ಮಾರುಕಟ್ಟೆಗಳು ತೆರೆದವು. ಇವು ಕೊಲಂಬಿಯಾ ಮಾರ್ಕೆಟ್ಟಿನಂತೆ ಖಾಲಿ ಬೀಳಲಿಲ್ಲ, ಏಕೆಂದರೆ ಗಾಡಿಗಳು ನಿಲ್ಲುತ್ತಿದ್ದ ಜಾಗದಲ್ಲಿಯೇ ಅಥವಾ ಅದರ ಪಕ್ಕದಲ್ಲಿಯೇ ಇವನ್ನು ಕಟ್ಟಲಾಗಿತ್ತು. ನೀರು, ಬೆಳಕು, ಛಾವಣಿ ಸಿಕ್ಕವರ ಬದುಕು ಸುಧಾರಿಸಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಬೀದಿಯಲ್ಲಿದ್ದ ಎಲ್ಲರಿಗೂ ಒಳಗೆ ಜಾಗವಿರಲಿಲ್ಲ. ಜಾಗ ಸಿಗದವರು ಕಸುಬನ್ನೇ ಬಿಡಬೇಕಾಯಿತು, ಮತ್ತು ಹೊಸದಾಗಿ ನಗರಕ್ಕೆ ಬರುವ ಬಡವನು ಒಂದು ಗಾಡಿಯನ್ನು ಬಾಡಿಗೆಗೆ ಹಿಡಿದು ಮರುದಿನವೇ ದುಡಿಮೆ ಆರಂಭಿಸುವ ಬಾಗಿಲು ಬಹುಮಟ್ಟಿಗೆ ಮುಚ್ಚಿಹೋಯಿತು.

ಪ್ರಶ್ನೆ: ಸಂತೆಯಲ್ಲಿ ಹೆಂಗಸರೇ ಹೆಚ್ಚಾಗಿ ಕುಳಿತಿರುತ್ತಾರೆ, ಆದರೆ ಈ ಇತಿಹಾಸದಲ್ಲಿ ಅವರ ಮಾತು ಎಲ್ಲಿದೆ?

ಉತ್ತರ: ಮಧ್ಯಯುಗದ ಲಂಡನ್ನಿನಲ್ಲಿ ರೊಟ್ಟಿಯನ್ನು ಮನೆಬಾಗಿಲಿಗೆ ಒಯ್ದು ಮಾರುವ ಹೆಂಗಸರು 12ರ ಬೆಲೆಗೆ 13 ರೊಟ್ಟಿ ಪಡೆಯುತ್ತಿದ್ದರು, ಆ ಒಂದು ರೊಟ್ಟಿಯೇ ಅವರ ಲಾಭ. ಅಂಥವರ ವಿಷಯ ನಮಗೆ ತಿಳಿದಿರುವುದು ನಗರದ ಕಟ್ಟಳೆಗಳ ಪುಟಗಳಿಂದಲೇ. ಆದರೆ ಮಾತನಾಡಿ, ತಮ್ಮ ಮಾತು ದಾಖಲಾಗುವಂತೆ ಮಾಡಿದ ಹೆಂಗಸರೂ ಇದ್ದಾರೆ, ಅವರಲ್ಲಿ ನನಗೆ ಬಹಳ ಗೌರವವಿರುವುದು ನೈಜೀರಿಯದ ಲಾಗೋಸ್ ನಗರದ ಮಾರುಕಟ್ಟೆಯ ಮಹಿಳೆಯರ ಮೇಲೆ.

ಬ್ರಿಟಿಷರ ವಸಾಹತು ಆಡಳಿತದ ಕಾಲದಲ್ಲಿ ಅಲ್ಲಿ ಪ್ರತಿ ಮಾರುಕಟ್ಟೆಗೂ ಹೆಂಗಸರೇ ಆರಿಸಿದ ಮುಖ್ಯಸ್ಥೆಯರಿದ್ದರು, ಎಲ್ಲ ಮಾರುಕಟ್ಟೆಗಳನ್ನು ಒಟ್ಟುಗೂಡಿಸಿದ ಸಂಘವೂ ಇತ್ತು. ಅದರ ನಾಯಕಿ ಅಲಿಮೊಟು ಪೆಲೆವುರಾ, ಎರೆಕೊ ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದವರು, ಓದು ಬರಹ ಬಾರದವರು. ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ 1940ರಲ್ಲಿ, ವರ್ಷಕ್ಕೆ 50 ಪೌಂಡಿಗಿಂತ ಹೆಚ್ಚು ಆದಾಯವಿರುವ ಹೆಂಗಸರು ತೆರಿಗೆ ಕಟ್ಟಬೇಕೆಂದು ಸರ್ಕಾರ ಹೇಳಿತು. ಡಿಸೆಂಬರ್‌ನಲ್ಲಿ ಹೆಂಗಸರು ಮಾರುಕಟ್ಟೆಗಳನ್ನು ಮುಚ್ಚಿ ಅಧಿಕಾರಿಯ ಕಚೇರಿಯವರೆಗೆ ನಡೆದು ಹೋದರು. ಮತ ಹಾಕುವ ಹಕ್ಕಿಲ್ಲದವರಿಂದ ತೆರಿಗೆ ಕೇಳುವುದು ನ್ಯಾಯವಲ್ಲ ಎಂಬುದು ಅವರ ವಾದಗಳಲ್ಲೊಂದು. ಸರ್ಕಾರ ಮಿತಿಯನ್ನು 50 ಪೌಂಡಿನಿಂದ 100 ಪೌಂಡಿಗೆ ಏರಿಸಿತು.

ಮರುವರ್ಷದಿಂದ ಆಹಾರದ ಬೆಲೆ ನಿಯಂತ್ರಣ ಬಂದಿತು. ಸರ್ಕಾರ ಗೊತ್ತುಮಾಡಿದ ಬೆಲೆಗೆ, ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾರಬೇಕೆಂಬುದು ನಿಯಮ. ಆ ಬೆಲೆ ತಾವು ಹಳ್ಳಿಯಿಂದ ತರುವ ಅಸಲಿಗೂ ಸಾಲದೆಂದು ಹೆಂಗಸರು ಹೇಳಿದರು. ಸರಕು ಸರ್ಕಾರಿ ಕೇಂದ್ರಗಳನ್ನು ತಪ್ಪಿಸಿಕೊಂಡು ಕಾಳಸಂತೆಯಲ್ಲಿ ಹರಿಯಿತು, ಎಷ್ಟೋ ಹೆಂಗಸರು ದಂಡವನ್ನೂ ತೆತ್ತರು. ನಿಯಂತ್ರಣಕ್ಕೆ ಸಹಕರಿಸಿದರೆ ತಿಂಗಳಿಗೆ 100 ಪೌಂಡ್ ಕೊಡುವುದಾಗಿ ಆ ಯೋಜನೆಯ ಹೊಣೆ ಹೊತ್ತ ಅಧಿಕಾರಿ ಪೆಲೆವುರಾ ಅವರಿಗೆ ಆಸೆ ತೋರಿಸಿದನು, ಅವರು ನಿರಾಕರಿಸಿದರು. ಯುದ್ಧ ಮುಗಿದ 1945ರಲ್ಲಿ ಆ ನಿಯಂತ್ರಣವನ್ನು ಸರ್ಕಾರ ಹಿಂತೆಗೆದುಕೊಂಡಿತು. ಪೆಲೆವುರಾ 1951ರಲ್ಲಿ ತೀರಿಕೊಳ್ಳುವವರೆಗೆ ಆ ಸಂಘದ ಮುಖ್ಯಸ್ಥೆಯಾಗಿಯೇ ಇದ್ದರು.